ದೀಪಾವಳಿ ರಂಗೋಲಿ: ಟೈಲ್ಸ್ ಮೇಲೆ ಬಣ್ಣ ನಿಲ್ತಾನೇ ಇಲ್ಲ, ಏನು ಮಾಡಲಿ?

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಇನ್ನು 9 ದಿನ ಇದೆ. ಈ ಸಲ ಕೊನೇ ಗಳಿಗೆಯಲ್ಲಿ ಒದ್ದಾಡುವುದು ಬೇಡ ಅಂತ ಈಗಲೇ ಕೇಳುತ್ತಿದ್ದೇನೆ.

ನಮ್ಮದು ಬಾಡಿಗೆ ಫ್ಲಾಟ್. ಬಾಗಿಲ ಮುಂದೆ ಹೆಚ್ಚೆಂದರೆ 4 ಅಡಿ ಉದ್ದ, 4 ಅಡಿ ಅಗಲದ ಜಾಗ ನಮ್ಮದು ಅನ್ನಬಹುದು, ಅದರಾಚೆ ಲಿಫ್ಟ್. ನೆಲಕ್ಕೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಹೋದ ವರ್ಷ ಅಂಗಡಿಯಿಂದ ಬಣ್ಣದ 10 ಪ್ಯಾಕೆಟ್ ತಂದು, ನರಕ ಚತುರ್ದಶಿಯ ಹಿಂದಿನ ರಾತ್ರಿ 11 ಗಂಟೆಗೆ ಕೂತೆ. ಬಿಡಿಸಲು ಹೊರಟದ್ದು ಕಮಲ. ಬಂದದ್ದು ಎಲೆಕೋಸು. ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯವರು ಬಾಗಿಲು ತೆಗೆದು ನೋಡಿ "ಕೋಸು ಚೆನ್ನಾಗಿ ಬಂದಿದೆ" ಅಂದರು.

ಎಡವಟ್ಟಾಗಿದ್ದು ಎಲ್ಲಿ ಅಂದರೆ, ಪುಡಿ ಬೆರಳಿಗೇ ಅಂಟಿಕೊಂಡು ಕೂರುತ್ತದೆ, ಉದುರಿದರೆ ಒಂದೇ ಕಡೆ ಮುದ್ದೆಯಾಗಿ ಬೀಳುತ್ತದೆ. ಬಿದ್ದದ್ದಾದರೂ ಅಲ್ಲೇ ಇರುತ್ತದಾ, ಅದೂ ಇಲ್ಲ. ಪಕ್ಕದ ಮನೆಯವರು ನಡೆದು ಹೋದರೆ ಸಾಕು, ಅವರ ಸೀರೆಯ ಗಾಳಿಗೆ ಹಸಿರೆಲ್ಲ ಹೋಗಿ ಹಳದಿ ಮೇಲೆ. ಹಬ್ಬ ಮುಗಿದ ಮೇಲೆ ನೀರು ಸುರಿದು ಉಜ್ಜಿದೆ ನೋಡಿ, ಟೈಲ್ಸ್ ಸಂದಿನ ಬಿಳಿ ಗೆರೆಗಳಿಗೆಲ್ಲ ಗುಲಾಬಿ ಬಣ್ಣ ಹಿಡಿದುಬಿಟ್ಟಿತು. ಓನರ್ ಆಂಟಿ ಬಂದಾಗಲೆಲ್ಲ ಮೊದಲು ನೆಲ ನೋಡುತ್ತಾರೆ, ಆಮೇಲೆ ನನ್ನ ಮುಖ.

ಇನ್ನೊಂದು ವಿಷಯ. ಮನೆಯಲ್ಲಿ ಒಂದೂವರೆ ವರ್ಷದ ಮಗಳಿದ್ದಾಳೆ. ನೆಲದ ಮೇಲೆ ಏನು ಸಿಕ್ಕರೂ ನೇರ ಬಾಯಿಗೆ. ಅದಕ್ಕೇ ಕೇಳುತ್ತಿದ್ದೇನೆ, ಬಣ್ಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ? ಎಷ್ಟು ಪುಡಿ ಬೇಕಾಗುತ್ತದೆ?

ಅಮ್ಮ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ಸಗಣಿ ಸಾರಿಸಿದ ಅಂಗಳದಲ್ಲಿ, ಹಾಲಿನವನ ಜೊತೆ ಮಾತಾಡುತ್ತಲೇ ಎಳೆ ಎಳೆದು ಮುಗಿಸುತ್ತಿದ್ದರು. ನಾನು ಆಗ ಮೆಟ್ಟಿಲ ಮೇಲೆ ಕೂತು ನೋಡಿದ್ದಷ್ಟೇ ಬಂತು, ಕಲಿಯಲಿಲ್ಲ.

ತುಳಸಿಕಟ್ಟೆ:

ನೀನು ಅಂತಲೇ ಬರೆಯುತ್ತೇನಮ್ಮ, ನನ್ನ ಮಗಳ ವಯಸ್ಸಿನವಳು ಅನಿಸುತ್ತದೆ. ನಿನ್ನ ಕೈಯನ್ನು ಬೈಯಬೇಡ. ಮುಕ್ಕಾಲು ಪಾಲು ತಪ್ಪು ಪುಡಿಯದು.

ಬಣ್ಣದ ಪ್ಯಾಕೆಟ್‌ಗಳಲ್ಲಿ ಎಷ್ಟೋ ಸಲ ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನುಣುಪು ಇರುತ್ತದೆ. ಅಷ್ಟು ನುಣ್ಣಗಿದ್ದರೆ ಬೆರಳಿಂದ ಹರಿಯುವುದಿಲ್ಲ. ಒಂದು ಚಿಟಿಕೆ ತೆಗೆದುಕೊಂಡು ಒತ್ತಿ ನೋಡು. ಒತ್ತಿದ ಆಕಾರ ಹಾಗೇ ಉಳಿದರೆ ಆ ಪುಡಿ ಎಳೆಗೆ ಬರುವುದಿಲ್ಲ. ಬೆರಳು ಬಿಟ್ಟ ತಕ್ಷಣ ಸರ್ರನೆ ಜಾರಬೇಕು. ಚಿರೋಟಿ ರವೆ ಇರುತ್ತದಲ್ಲ, ಅಷ್ಟು ತರಿ ಇದ್ದರೆ ಸರಿ. ಬಿಳಿ ರಂಗೋಲಿ ಪುಡಿ ಸಾಮಾನ್ಯವಾಗಿ ಹಾಗೆ ಇರುತ್ತದೆ, ಅದು ಕಲ್ಲಿನ ಪುಡಿ. ಒಂದು ಲೋಟ ಬಣ್ಣಕ್ಕೆ ಎರಡು ಲೋಟ ಬಿಳಿ ಪುಡಿ ಬೆರೆಸು. ಪೇಪರ್ ಮೇಲೆ ಹರಡಿ ಅರ್ಧ ಗಂಟೆ ಬಿಸಿಲಿಗೆ ಇಡು. ಬಣ್ಣ ಸ್ವಲ್ಪ ತಿಳಿಯಾಗುತ್ತದೆ, ಆದರೆ ಕೈ ಮಾತು ಕೇಳುತ್ತದೆ. ದುಡ್ಡೂ ಉಳಿಯಿತು.

ಇನ್ನು ಹಿಡಿಯುವುದು. ಮುಷ್ಟಿ ತುಂಬ ತೆಗೆದುಕೊಳ್ಳಬೇಡ, ಅಂಗೈ ಬೆವರಿಗೆ ಪುಡಿ ಒದ್ದೆಯಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ. ಹೆಬ್ಬೆರಳನ್ನು ತೋರುಬೆರಳ ಮೇಲೆ ಮೆಲ್ಲಗೆ ಮುಂದಕ್ಕೆ ಉಜ್ಜುತ್ತಾ ಹೋಗು. ನೋಟು ಎಣಿಸುತ್ತೀಯಲ್ಲ, ಹೆಚ್ಚುಕಮ್ಮಿ ಅದೇ ಚಲನೆ. ಕೈ ನೆಲದಿಂದ ಒಂದು ಅಂಗುಲ ಮೇಲಿದ್ದರೆ ಎಳೆ ಸಣ್ಣಗೆ ಬರುತ್ತದೆ, ಮೇಲೆ ಹೋದಷ್ಟೂ ಅಗಲವಾಗುತ್ತದೆ. ಹಿಂದಕ್ಕೆ ಸರಿಯುತ್ತಾ ಬಿಡಿಸು. ಇಲ್ಲದಿದ್ದರೆ ನಿನ್ನ ಸೆರಗೇ ನಿನ್ನ ರಂಗೋಲಿ ಒರೆಸುತ್ತದೆ.

ದಿನಾ ಬೆಳಿಗ್ಗೆ 10 ನಿಮಿಷ ಸಣ್ಣದೊಂದು ಚುಕ್ಕಿ ರಂಗೋಲಿ ಹಾಕು, ಹಬ್ಬದ ಹೊತ್ತಿಗೆ ಕೈ ಪಳಗಿರುತ್ತದೆ. ಸಂದು ಚುಕ್ಕಿ, 7ರಿಂದ 4. ಅಂದರೆ ನಡುವಿನ ಸಾಲಿಗೆ 7 ಚುಕ್ಕಿ, ಅದರ ಮೇಲೂ ಕೆಳಗೂ 6, ಆಮೇಲೆ 5, ಆಮೇಲೆ 4. ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು. ಒಟ್ಟು 37 ಚುಕ್ಕಿ. ಚುಕ್ಕಿಗೆ ಚುಕ್ಕಿಗೆ ನಾಲ್ಕು ಬೆರಳು ಅಂತರ ಇಡು, ಅಳತೆ ಪಟ್ಟಿ ಏನೂ ಬೇಡ. ಚುಕ್ಕಿ ಸಾಲಾಗಿ ಬಿದ್ದರೆ ಅರ್ಧ ರಂಗೋಲಿ ಬಂದ ಹಾಗೆ.

ಕೆಮ್ಮಣ್ಣು:

ಮೇಡಂ, ನೆಲದ ವಿಷಯಕ್ಕೆ ನನ್ನದೊಂದು ಉಪಾಯ. ನಾನೂ ಬಾಡಿಗೆ ಮನೆಯವನೇ, ನೆಲ ಕಲೆಯಾಯಿತು ಅಂತ ಮಾತು ಕೇಳಿಸಿಕೊಂಡವನೇ.

ನೆಲದ ಮೇಲೆ ಹಾಕಲೇಬೇಡಿ. 3 ಅಡಿಗೆ 3 ಅಡಿಯ ಪ್ಲೈವುಡ್ ಹಲಗೆ ತನ್ನಿ, ತೆಳ್ಳಗಿದ್ದರೂ ಸಾಕು. ಕೆಮ್ಮಣ್ಣನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಎರಡು ಚಮಚ ಫೆವಿಕಾಲ್ ಕಲಸಿ ಹಲಗೆಗೆ ಬಳಿಯಿರಿ. ಗೋಂದು ಹಾಕದಿದ್ದರೆ ಒಣಗಿದ ಮೇಲೆ ಮಣ್ಣು ಕೈಗೆ ಬರುತ್ತದೆ. ಎರಡು ಕೋಟ್ ಸಾಕು. ಒಣಗಿದ ಮೇಲೆ ಮುಟ್ಟಿ ನೋಡಿ, ಸ್ವಲ್ಪ ಒರಟು ಇರುತ್ತದೆ. ಆ ಒರಟಿಗೇ ಪುಡಿ ಹಿಡಿದು ನಿಲ್ಲುವುದು. ನಿಮ್ಮ ಅಮ್ಮನವರ ಅಂಗಳದಲ್ಲೂ ಇದ್ದದ್ದು ಇದೇ. ಸಗಣಿ ಸಾರಿಸಿದ ನೆಲ ಒರಟು, ಮೇಲಾಗಿ ಬೆಳಗಿನ ಹೊತ್ತು ಇನ್ನೂ ಹಸಿ. ಪುಡಿ ಅಲ್ಲಾಡುವುದಿಲ್ಲ. ಹೊಳೆಯುವ ಟೈಲ್ಸ್‌ನಲ್ಲಿ ಪುಡಿಗೆ ಹಿಡಿದುಕೊಳ್ಳಲು ಏನಿದೆ ಹೇಳಿ?

ನಮ್ಮ ಸಾಗರದ ಕಡೆ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರಿನ ಕುಂಚ. ಕೂದಲೆಳೆಯಷ್ಟು ಸಣ್ಣ ಗೆರೆ, ಆದರೂ ಅಂಗಳದಿಂದಲೇ ಕಾಣುತ್ತದೆ. ಕೆಂಪು ನೆಲದ ಮೇಲೆ ಬಿಳಿ ಇಟ್ಟರೆ ಅಷ್ಟು ಎದ್ದು ಕಾಣುತ್ತದೆ. ಕ್ರೀಮ್ ಬಣ್ಣದ ಟೈಲ್ಸ್ ಮೇಲೆ ಬಿಳಿ ಎಳೆ ಹಾಕಿದರೆ ಹಾಕಿದವರಿಗೆ ಮಾತ್ರ ಕಾಣುತ್ತದೆ.

ರಾತ್ರಿ ಹಲಗೆಯನ್ನು ಇಬ್ಬರು ಹಿಡಿದು ಮೆಲ್ಲಗೆ ಒಳಗೆ ಇಟ್ಟುಕೊಳ್ಳಬಹುದು. ಒಬ್ಬರೇ ಎತ್ತಬೇಡಿ. ನಾನು ಒಬ್ಬನೇ ಎತ್ತಿದೆ, ಇಡೀ ನವಿಲು ಒಂದು ಮೂಲೆಗೆ ಜಾರಿತು.

ಎಷ್ಟು ಪುಡಿ ಅಂತ ಕೇಳಿದಿರಿ. 3 ಅಡಿ ಅಗಲದ ವೃತ್ತ ಅಂದರೆ ಸುಮಾರು 7 ಚದರ ಅಡಿ. ಒಂದು ಮಿಲಿಮೀಟರ್ ದಪ್ಪ ತುಂಬಿಸಿದರೆ ಎಲ್ಲ ಬಣ್ಣ ಸೇರಿ ಒಂದು ಕೆಜಿ ಹತ್ತಿರ. ಹೊಸಬರು ಎರಡರಷ್ಟು ದಪ್ಪ ಸುರಿಯುತ್ತಾರೆ, ಹಾಗಾಗಿ 2 ಕೆಜಿ ಇಟ್ಟುಕೊಳ್ಳಿ.

ಅರಿಶಿನದ ಕೈ:

ಮಗು ಇದೆ ಅಂದಿರಲ್ಲ, ಆ ಭಾಗಕ್ಕೆ ನಾನು ಉತ್ತರಿಸುತ್ತೇನೆ. ನಮ್ಮನೆಯಲ್ಲಿ ಅವಳಿ ಗಂಡುಮಕ್ಕಳು. ಎರಡು ದೀಪಾವಳಿ ಅಂಗಡಿ ಬಣ್ಣ ಒಳಗೇ ತರಲಿಲ್ಲ.

ಬಿಳಿಗೆ ಒಣ ಅಕ್ಕಿ ಹಿಟ್ಟು, ಸ್ವಲ್ಪ ತರಿಯಾಗಿ ಬೀಸಿಸಿಕೊಳ್ಳಿ. ನುಣ್ಣಗಿನ ಹಿಟ್ಟು ಬೇಡ, ಮೇಲಿನ ಅಮ್ಮ ಹೇಳಿದ ಅದೇ ತೊಂದರೆ ಬರುತ್ತದೆ. ಹಳದಿಗೆ ಅದೇ ಹಿಟ್ಟಿಗೆ ಅರಿಶಿನ. ಹಸಿರಿಗೆ ಕರಿಬೇವು, ನುಗ್ಗೆ ಸೊಪ್ಪು, ಯಾವುದಾದರೂ ಸರಿ, ನೆರಳಲ್ಲಿ ಒಣಗಿಸಿ ಮಿಕ್ಸಿಗೆ ಹಾಕಿ. ಬಿಸಿಲಲ್ಲಿ ಒಣಗಿಸಿದರೆ ಹಸಿರು ಹೋಗಿ ಒಣ ಹುಲ್ಲಿನ ಬಣ್ಣ ಬರುತ್ತದೆ. ಕಂದು ಬಣ್ಣಕ್ಕೆ ಕಾಫಿ ಚರಟ, ಚೆನ್ನಾಗಿ ಒಣಗಿಸಿದ್ದು. ಬೀಟ್‌ರೂಟ್ ರಸದಲ್ಲಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿದೆ. ಹಸಿ ಇದ್ದಾಗ ಏನು ಚೆಂದ ಅಂತೀರಿ, ಒಣಗಿದ ಮೇಲೆ ಮಂಕು ಕಂದು. ನನ್ನ ಮಟ್ಟಿಗೆ ಅದು ದಂಡ.

ಕೆಂಪಿಗೆ ಒಂದು ಹಳೇ ದಾರಿ ಇದೆ. ಆರತಿಗೆ ಓಕುಳಿ ಮಾಡುತ್ತೇವಲ್ಲ, ಅರಿಶಿನದ ನೀರಿಗೆ ಸುಣ್ಣ ಹಾಕಿದ ತಕ್ಷಣ ಕೆಂಪಾಗುತ್ತದೆ. ಅದನ್ನೇ ಗಟ್ಟಿಯಾಗಿ ಮಾಡಿ ಅಕ್ಕಿ ಹಿಟ್ಟಿಗೆ ಕಲಸಿ, ಕೈಯಲ್ಲಿ ಉಜ್ಜಿ ಉದುರು ಉದುರಾಗಿಸಿ ಒಣಗಿಸಿ. ವೀಳ್ಯದೆಲೆಗೆ ಹಚ್ಚುವ ಸುಣ್ಣ ಕಾಳುಮೆಣಸಿನಷ್ಟು ಹಾಕಿದರೆ ಸಾಕು. ಜಾಸ್ತಿ ಹಾಕಿದರೆ ಕೈ ಉರಿಯುತ್ತದೆ. ದಿನ ಕಳೆದಂತೆ ಈ ಕೆಂಪು ಮಂಕಾಗುತ್ತದೆ, ಅದಕ್ಕೇ ಹಬ್ಬದ ಹಿಂದಿನ ದಿನ ಮಾಡಿಕೊಳ್ಳಿ. ಇದು ಮಾತ್ರ ಮಗುವಿನ ಕೈಗೆ ಸಿಗದ ಕಡೆ ಇರಲಿ, ಸುಣ್ಣ ಕಣ್ಣಿಗೆ ಹೋದರೆ ಕಷ್ಟ. ಅಂಗಡಿಯ ಕುಂಕುಮ ಕೂಡ ಬಾಯಿಗೆ ಹೋಗುವ ಮಕ್ಕಳಿದ್ದಲ್ಲಿ ನಾನು ಬಳಸುವುದಿಲ್ಲ. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಅಕ್ಕಿ ಹಿಟ್ಟಾದ ಮೇಲೆ ಇರುವೆ ಬಂದೇ ಬರುತ್ತದೆ, ಬರಲಿ ಅಂತಲೇ ಹಿರಿಯರು ಹಾಕುತ್ತಿದ್ದದ್ದು. ಮೂರನೇ ಮಹಡಿಗೆ ಎಷ್ಟು ಬರುತ್ತವೆ ನೋಡಿ. ಉಪ್ಪಿಗೆ ಬಣ್ಣ ಕಲಸುವವರೂ ಇದ್ದಾರೆ. ಮೋಡ ಕವಿದರೆ ಉಪ್ಪು ನೀರು ಬಿಡುತ್ತದೆ, ಎಲ್ಲ ಅಂಟಂಟು. ಅಲ್ಲದೆ ಉಪ್ಪು ತುಳಿಯಬಾರದು ಅಂತ ನಮ್ಮತ್ತೆ ಒಂದು ಗಂಟೆ ಪಾಠ ಮಾಡಿದರು.

ಆಫೀಸ್ ಮುಗಿಸಿ ಬಂದವಳು:

ಎಲ್ಲರೂ 9 ದಿನ ಅಭ್ಯಾಸ, ನೆನೆಸುವುದು, ಬೀಸುವುದು ಅಂತಿದ್ದೀರಿ. ಪಾಪ ಅವರಿಗೂ ಕೆಲಸ ಇರುತ್ತದೆ ಅಲ್ವಾ? ಅಂಗಡಿಯಲ್ಲಿ ತೂತಿನ ಅಚ್ಚು ಸಿಗುತ್ತದೆ, ನೆಲದ ಮೇಲಿಟ್ಟು ಪುಡಿ ಸುರಿದು ಕೈಯಾಡಿಸಿ ಎತ್ತಿದರೆ ಒಂದು ನಿಮಿಷದಲ್ಲಿ ಪದ್ಮ. ನಾನು ಐದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಲಕ್ಷ್ಮಿ ಏನೂ ವಾಪಸ್ ಹೋಗಿಲ್ಲ.

ಕೈಯಲ್ಲೇ ಬಿಡಿಸಬೇಕು ಅಂತಿದ್ದರೆ ಒಂದು ಸುಲಭ ದಾರಿ. ಬಣ್ಣ ತುಂಬಲು ಬೆರಳು ಬೇಡ, ಚಹಾ ಸೋಸುವ ಜರಡಿ ತೆಗೆದುಕೊಳ್ಳಿ. ಒಂದು ಚಮಚ ಪುಡಿ ಹಾಕಿ ಅಂಚನ್ನು ಬೆರಳಿಂದ ತಟ್ಟುತ್ತಾ ಹೋದರೆ ಮಂಜಿನ ಹಾಗೆ ಸಮನಾಗಿ ಬೀಳುತ್ತದೆ. ಹಳೇ ಮದುವೆ ಕಾರ್ಡನ್ನು ದಳದ ಅಂಚಿಗೆ ಅಡ್ಡ ಹಿಡಿದುಕೊಳ್ಳಿ, ಪಕ್ಕಕ್ಕೆ ಹೋಗುವುದಿಲ್ಲ. ನಿಮ್ಮ ಕಮಲ ಎಲೆಕೋಸಾಗಿದ್ದು ಇಲ್ಲೇ ಅಂತ ನನ್ನ ಅನುಮಾನ. ಎಲ್ಲ ದಳಕ್ಕೂ ಒಂದೇ ಬಣ್ಣ ತುಂಬಿರುತ್ತೀರಿ. ದಳದ ಬುಡಕ್ಕೆ ಗಾಢ, ತುದಿಗೆ ತಿಳಿ. ಎರಡೂ ಸೇರುವ ಕಡೆ ಬೆರಳ ತುದಿಯಿಂದ ಮೆಲ್ಲಗೆ ಒಮ್ಮೆ ತೀಡಿ, ಒಂದೇ ಸಲ. ಆಗ ದಳ ದಳ ಬೇರೆಯಾಗಿ ಕಾಣುತ್ತದೆ.

ಇನ್ನು ಬಿಳಿ ಎಳೆ ಮೊದಲೋ ಬಣ್ಣ ಮೊದಲೋ? ನಾನು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು, ಬಣ್ಣ ತುಂಬಿ, ಎಲ್ಲ ಮುಗಿದ ಮೇಲೆ ಬಿಳಿ ಎಳೆ ಎಳೆಯುತ್ತೇನೆ. ಆಚೀಚೆ ಹೋದ ಬಣ್ಣವನ್ನೆಲ್ಲ ಆ ಎಳೆ ಮುಚ್ಚಿಬಿಡುತ್ತದೆ.

ತುಳಸಿಕಟ್ಟೆ:

ಬಿಳಿ ಎಳೆ ಕೊನೆಗೆ ಅನ್ನುವುದನ್ನು ಒಪ್ಪುತ್ತೇನೆ, ಬಣ್ಣದ ರಂಗೋಲಿಗೆ ಅದೇ ಸರಿ. ಅಚ್ಚಿನ ಮಾತು ಒಪ್ಪುವುದಿಲ್ಲ. ಅಚ್ಚು ಒತ್ತಿದ ಪದ್ಮ ಎಲ್ಲರ ಮನೆ ಮುಂದೆಯೂ ಒಂದೇ. ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ರಂಗೋಲಿ ನೋಡಿಯೇ ಇವತ್ತು ಈ ಮನೆಯಲ್ಲಿ ಸೊಸೆ ಹಾಕಿದ್ದಾಳೆ, ಅತ್ತೆ ಅಲ್ಲ ಅಂತ ಹೇಳಬಹುದಿತ್ತು. ಹೋಗಲಿ, ಅಂಚಿನ ಬಳ್ಳಿಗೆ ಬೇಕಾದರೆ ಅಚ್ಚು ಹಾಕಿಕೋ. ನಡುವಿನದು ಕೈಯದೇ ಇರಲಿ.

ವೃತ್ತಕ್ಕೆ ಒಂದು ದಾರ ತೆಗೆದುಕೋ. ಒಂದು ತುದಿಗೆ ಸೀಮೆಸುಣ್ಣ ಕಟ್ಟು, ಇನ್ನೊಂದು ತುದಿಯನ್ನು ನಡುವೆ ಬೆರಳಲ್ಲಿ ಒತ್ತಿ ಹಿಡಿದು ಸುತ್ತು ಬಾ. ಟೈಲ್ಸ್ ಸಂದಿನ ಗೆರೆ ಒಂದಕ್ಕೊಂದು ಅಡ್ಡ ಹೋಗುವ ಜಾಗವನ್ನೇ ನಡು ಮಾಡಿಕೊಂಡರೆ ನಾಲ್ಕು ಭಾಗ ತಾನಾಗಿ ಸಿಕ್ಕಿತು. ಮಧ್ಯೆ ಒಂದೊಂದು ಗೆರೆ ಹಾಕು, ಎಂಟಾಯಿತು. ಅಷ್ಟದಳ ಪದ್ಮಕ್ಕೆ ಇನ್ನೇನು ಬೇಕು.

ಹಣತೆ ಇಡುತ್ತೀಯ ಅಂದುಕೊಳ್ಳುತ್ತೇನೆ. ಬಣ್ಣದ ಮೇಲೆ ನೇರ ಇಡಬೇಡ, ಮಣ್ಣಿನ ಹಣತೆ ಎಣ್ಣೆ ಹೀರಿ ಕೆಳಗೆ ಒಸರುತ್ತದೆ. ಕೆಳಗೊಂದು ವೀಳ್ಯದೆಲೆ ಇಡು. ಮಗು ಓಡಾಡುವ ಕಡೆ ದೀಪ ಅಂಚಿಗೆ ಬೇಡವೇ ಬೇಡ. ಹೊಸ ಸೀರೆ, ದುಪಟ್ಟಾ ಉಟ್ಟುಕೊಂಡು ಬಗ್ಗುವಾಗಲೂ ಹುಷಾರು.

ಹಟ್ಟಿ ಹಬ್ಬ:

ಕಲೆ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ ರೀ. ಅದೇ ಅಲ್ವಾ ಅವರ ದೊಡ್ಡ ಚಿಂತೆ.

ನೀವು ಮಾಡಿದ ತಪ್ಪು ಒಂದೇ, ನೀರು ಮೊದಲು ಸುರಿದದ್ದು. ಬಣ್ಣ ನೀರಲ್ಲಿ ಕರಗಿತು, ಸಂದಿನ ಸಿಮೆಂಟು ಅದನ್ನು ಕುಡಿಯಿತು. ಟೈಲ್ಸ್ ಕುಡಿಯುವುದಿಲ್ಲ, ಸಂದಿ ಕುಡಿಯುತ್ತದೆ. ಮೊದಲು ಒಣಗಿದ್ದಾಗಲೇ ಮೆತ್ತನೆ ಪೊರಕೆಯಲ್ಲಿ ಗುಡಿಸಿ. ಆಮೇಲೆ ಒಣ ಬಟ್ಟೆ. ನೀರು ಕೊನೆಗೆ. ಹಾಕುವ ಮೊದಲೇ ಸಂದಿನ ಗೆರೆಗಳ ಮೇಲೆ ಬಿಳಿ ಮೇಣದಬತ್ತಿ ತಿಕ್ಕಿದರೆ ಇನ್ನೂ ಒಳ್ಳೆಯದು, ಬಣ್ಣ ಒಳಗೆ ಇಳಿಯುವುದಿಲ್ಲ. ಗೆರೆ ಮೇಲಷ್ಟೇ ತಿಕ್ಕಿ, ಟೈಲ್ಸ್‌ಗೆ ಹಚ್ಚಿದರೆ ಮನೆಗೆ ಬಂದವರು ಜಾರಿ ಬೀಳುತ್ತಾರೆ.

ಅರಿಶಿನದ ಕಲೆಗೆ ಸೋಪು ಹಾಕಿದಾಗ ಕೆಂಪಾದರೆ ಗಾಬರಿಯಾಗಬೇಡಿ. ಮೇಲೆ ಹೇಳಿದ ಓಕುಳಿ ಲೆಕ್ಕವೇ ಅದು. ಸುಣ್ಣದ ಬದಲು ಸೋಪು, ಅಷ್ಟೇ. ನೀರು ಹಾಕಿ ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಬಿಸಿಲು ಬೀಳುವ ಜಾಗವಾದರೆ ಅರಿಶಿನ ತಾನೇ ಹೋಗುತ್ತದೆ. ನೆಲ ಮಾರ್ಬಲ್ ಇದ್ದವರು ನಿಂಬೆಹಣ್ಣು, ವಿನೆಗರ್ ಹಾಕಿ ಉಜ್ಜಲೇಬೇಡಿ, ಕಲೆ ಹೋಗುವ ಮೊದಲು ಹೊಳಪು ಹೋಗುತ್ತದೆ. ನಮ್ಮಣ್ಣನ ಮನೆ ದೇವರ ಕೋಣೆಯ ಮುಂದೆ ಅಂಗೈ ಅಗಲದ ಮಂಕು ಕಲೆ ಇವತ್ತಿಗೂ ಇದೆ, ಮಾಡಿದ್ದು ನಾನೇ, ಒಪ್ಪಿಕೊಂಡಿಲ್ಲ.

ಪಾಡ್ಯದ ದಿನ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ ಚೆಂಡು ಹೂ, ಉತ್ತರಾಣಿ ಕಡ್ಡಿ ಸಿಗಿಸುತ್ತೇವೆ. ಆವತ್ತು ಪುಡಿ ರಂಗೋಲಿ ಜಾಸ್ತಿ ಏನಿಲ್ಲ, ಸುತ್ತ ಬಿಳಿ ಎಳೆ ಅಷ್ಟೇ. ಮೂರೂ ದಿನ ದೊಡ್ಡದು ಹಾಕಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮಾವಾಸ್ಯೆ ಲಕ್ಷ್ಮಿ ಪೂಜೆಗೆ ಒಂದು ದೊಡ್ಡದು, ಉಳಿದ ದಿನ ಚಿಕ್ಕದು ಸಾಕು.

ಮೂರನೇ ಮಹಡಿ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಲಿ. ಮೂರು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಪ್ಲೈವುಡ್ ತಂದಾಯಿತು. ಕೆಮ್ಮಣ್ಣು ನಮ್ಮ ಕಡೆ ನರ್ಸರಿಯಲ್ಲಿ ಸಿಕ್ಕಿತು, ಒಂದು ಬಕೆಟ್ ಸುಮ್ನೆ ಕೊಟ್ಟರು. ಎರಡು ಕೋಟ್ ಬಳಿದು ಬಾಲ್ಕನಿಯಲ್ಲಿ ಒಣಗಿಸಿದ್ದೇನೆ. ನಿಜಕ್ಕೂ ಪುಡಿ ನಿಲ್ಲುತ್ತದೆ! ಪಕ್ಕದ ಮನೆಯವರನ್ನು ಬೇಕಂತಲೇ ಎರಡು ಸಲ ಓಡಾಡಿಸಿದೆ.

ತುಳಸಿಕಟ್ಟೆ ಅಮ್ಮ, 37 ಚುಕ್ಕಿ ಮೂರು ಬೆಳಿಗ್ಗೆಯಿಂದ ಹಾಕುತ್ತಿದ್ದೇನೆ. ಮೊದಲ ದಿನ 5ರ ಸಾಲಿಗೆ 6 ಹಾಕಿ ಎಲ್ಲ ಸೊಟ್ಟ. ಇವತ್ತು ಎಳೆ ಎಳೆಯುವಾಗ ಹೆಬ್ಬೆರಳು ನಾನು ಹೇಳದೇ ಮುಂದಕ್ಕೆ ಹೋಗುತ್ತಿತ್ತು, ಅಮ್ಮನ ಕೈ ಹೀಗೇ ಹೋಗುತ್ತಿತ್ತಲ್ಲ ಅಂತ ನೆನಪಾಗಿ ಒಂದು ನಿಮಿಷ ಅಲ್ಲೇ ಕೂತೆ. ಆಮೇಲೆ ಮಗಳು ಬಂದು 4ರ ಸಾಲು ಅಳಿಸಿದಳು.

ಅರಿಶಿನ ಸುಣ್ಣದ ಕೆಂಪು ಒಂದು ಹಿಡಿ ಮಾಡಿ ನೋಡಿದೆ, ಇಟ್ಟಿಗೆ ಬಣ್ಣಕ್ಕೆ ಹತ್ತಿರ, ಆದರೆ ಕೆಮ್ಮಣ್ಣಿನ ಹಲಗೆ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಕಮಲ ಹಳದಿ ಮತ್ತು ಬಿಳಿ, ಎಲೆ ಹಸಿರು. ಸುತ್ತ ನೀರಿನ ಹಾಗೆ ನೀಲಿ ಇದ್ದರೆ ಚೆನ್ನಾಗಿತ್ತು. ಮನೆಯಲ್ಲಿ ನೀಲಿಗೆ ಏನು ಮಾಡುತ್ತೀರಿ?

ಅರಿಶಿನದ ಕೈ:

ತಿನ್ನುವ ಪದಾರ್ಥದಲ್ಲಿ ಒಳ್ಳೆಯ ನೀಲಿ ನನಗೆ ಇದುವರೆಗೂ ಬಂದಿಲ್ಲ. ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದನ್ನೇ ಬಿಳಿ ರಂಗೋಲಿ ಪುಡಿಗೆ ಹಾಕಿ. ಒಂದು ಲೋಟಕ್ಕೆ 5-6 ಹನಿ, ಎರಡು ಚಮಚ ನೀರಲ್ಲಿ ಬೆರೆಸಿ ಚಿಮುಕಿಸಿ, ಹಳೇ ಸ್ಪೂನಲ್ಲಿ ಕಲಸಿ ನೆರಳಲ್ಲಿ ಒಣಗಿಸಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಹಬ್ಬದ ದಿನವೂ ಉಗುರು ನೀಲಿ. ಮಗು ಮಲಗಿದ ಮೇಲೆ ಹಾಕಿ, ಏಳುವ ಮೊದಲು ಹಲಗೆ ಹೊರಗೆ ಇಟ್ಟು ಬಾಗಿಲು ಹಾಕಿಬಿಡಿ.

ಕೆಮ್ಮಣ್ಣು:

ಇಬ್ಬರು ಎತ್ತಿ ಅಂದದ್ದು ನೆನಪಿರಲಿ ಮೇಡಂ. ಮನೆಯವರು ಮತ್ತೆ ಕೋಸು ಅಂದರೆ ಎರಡನೇ ಕಡೆ ಹಿಡಿಯುವ ಕೆಲಸ ಅವರಿಗೇ ಕೊಡಿ.